ಜಟ್ಟಿ ಕಾರಿನ ಜೀರ್ಣೋದ್ಧಾರ

ಅಮೆರಿಕ ಸಂಯುಕ್ತ ಸಂಸ್ಥಾನದ ಊರೂರುಗಳಲ್ಲಿ, ಮನೆಗೆ ಹೊಂದಿಕೊಂಡ ಮೋಟಾರು ಷೆಡ್ಡುಗಳಲ್ಲಿ, ಒಂದು ಬಗೆಯ ತಪಸ್ಸು ನಡೆಯುತ್ತಿರುವುದುಂಟು. ಅರುವತ್ತು ವರ್ಷ ಹಳೆಯದಾದ, ತುಕ್ಕು ತಿಂದ, ಇಲಿಗಳು ಗೂಡು ಕಟ್ಟಿದ ಕಾರೊಂದನ್ನು ಗೃಹಸ್ಥನೊಬ್ಬನು ಕೊಂಡು ತರುತ್ತಾನೆ. ತನ್ನ ಸಂಜೆಗಳನ್ನೂ ರಜೆಯ ದಿನಗಳನ್ನೂ ಅದಕ್ಕೆ ಮುಡಿಪಿಟ್ಟು, ಸಾವಿರಾರು ಭಾಗಗಳನ್ನು ಒಂದೊಂದಾಗಿ ಬಿಚ್ಚಿ, ತೊಳೆದು, ಅಳೆದು, ಸವೆದುದನ್ನು ಬದಲಿಸಿ, ಮತ್ತೆ ಕೂಡಿಸುತ್ತಾನೆ. ಕೆಲಸ ಮುಗಿಯಲು ಎರಡು ಮೂರು ವರ್ಷ ಹಿಡಿಯುವುದು ಸಾಮಾನ್ಯ. ಇದಕ್ಕಾಗಿ ಜನ ಬಹುವಾಗಿ ಆರಿಸಿಕೊಳ್ಳುವುದು 1964ರಿಂದ 1970ರ ದಶಕದ ಮೊದಲ ವರ್ಷಗಳವರೆಗೆ ತಯಾರಾದ ಒಂದು ಜಾತಿಯ ಕಾರನ್ನು. ಅಮೆರಿಕನ್ನರು ಅದನ್ನು 'ಮಸಲ್ ಕಾರ್' ಎಂದು ಕರೆಯುತ್ತಾರೆ. ಮಸಲ್ ಎಂದರೆ ಮಾಂಸಖಂಡ. ಆದುದರಿಂದ ನಾವು ಅದನ್ನು ಜಟ್ಟಿ ಕಾರು ಎಂದರೆ ತಪ್ಪಾಗಲಾರದು.

ಈ ಹವ್ಯಾಸವನ್ನು ಕುರಿತು ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. "ಇದು ಹಣವಂತರ ಹುಚ್ಚು, ಪೆಟ್ರೋಲು ಕುಡಿದು ಹೊಗೆಯುಗುಳುವ ಯಂತ್ರಕ್ಕೆ ಮರುಜನ್ಮ ಕೊಡುವುದರಿಂದ ಲೋಕಕ್ಕೆ ಏನು ಪ್ರಯೋಜನ?" ಎನ್ನುವವರು ಒಂದು ಪಕ್ಷ. "ಹಳೆಯದೆಲ್ಲ ಹೊನ್ನು, ಕಾರು ಹೇಗೆ ತಯಾರಾಯಿತೋ ಹಾಗೆಯೇ, ಒಂದು ತಿರುಪೂ ಬದಲಾಗದಂತೆ ಉಳಿಸಬೇಕು" ಎನ್ನುವವರು ಇನ್ನೊಂದು ಪಕ್ಷ. ಎರಡನ್ನೂ ನಾವು ಪೂರ್ತಿಯಾಗಿ ಒಪ್ಪಲಾರೆವು. ಮನೆಯಲ್ಲಿ ನಡೆಯುವ ಈ ಜೀರ್ಣೋದ್ಧಾರವು ಭೌತವಿಜ್ಞಾನದ ಒಂದು ಉತ್ತಮ ಪಾಠಶಾಲೆ ಎಂಬುದು ನಮ್ಮ ಅಭಿಪ್ರಾಯ. ಆದರೆ ಅದಕ್ಕೊಂದು ಷರತ್ತು ಉಂಟು. ಕೆಲಸಕ್ಕೆ ಕೈಹಾಕಿದವನು ಯಂತ್ರದ ಸತ್ಯಕ್ಕೆ ನಿಷ್ಠನಾಗಿರಬೇಕು. ಅದು ಹುಟ್ಟಿದ ಕಾಲದ ತಪ್ಪುಗಳಿಗೂ ನಿಷ್ಠನಾಗಿರಬೇಕೆಂಬ ನಿಯಮವಿಲ್ಲ. ಒಂದೇ ಒಂದು ಕಾರನ್ನು ಉದಾಹರಣೆಯಾಗಿ ತೆಗೆದುಕೊಂಡು ಇದನ್ನು ವಿವರಿಸುತ್ತೇವೆ.

ಆ ಕಾರು 1964ರ ಪಾಂಟಿಯಾಕ್ ಜಿ.ಟಿ.ಒ. ಜನರಲ್ ಮೋಟಾರ್ಸ್ ಸಂಸ್ಥೆಯ ಪಾಂಟಿಯಾಕ್ ವಿಭಾಗಕ್ಕೆ ಆಗ ಜಾನ್ ಡೆಲೊರಿಯನ್ ಮುಖ್ಯ ಎಂಜಿನಿಯರಾಗಿದ್ದರು. ಮಧ್ಯಮ ಗಾತ್ರದ ಕಾರುಗಳಲ್ಲಿ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನನ್ನು ಕೂರಿಸಬಾರದೆಂದು ಸಂಸ್ಥೆಯ ಕಟ್ಟಳೆಯಿತ್ತು. ಪಾಂಟಿಯಾಕಿನವರು ಒಂದು ಉಪಾಯ ಹೂಡಿದರು. ಹೊಸ ಮಾದರಿಯೆಂದು ಹೆಸರಿಸದೆ, ಇದ್ದ ಮಧ್ಯಮ ಗಾತ್ರದ ಕಾರಿಗೇ ಸುಮಾರು 300 ಡಾಲರಿನ ಹೆಚ್ಚುವರಿ ಸಲಕರಣೆಯೆಂಬ ನೆಪದಲ್ಲಿ, ತಮ್ಮ ದೊಡ್ಡ ಕಾರುಗಳ 389 ಘನ ಅಂಗುಲದ ಎಂಜಿನನ್ನು ಕೊಟ್ಟರು. ಮೈ ಚಿಕ್ಕದು, ಎದೆ ದೊಡ್ಡದು. ಮೊದಲ ವರ್ಷವೇ 32,450 ಕಾರುಗಳು ಮಾರಾಟವಾದವು. ಬೇರೆ ತಯಾರಕರೂ ಬೆನ್ನು ಹತ್ತಿದರು. ಒಂದು ದಶಕ ತುಂಬುವುದರೊಳಗೆ ಈ ಸ್ಪರ್ಧೆ ಅಡಗಿತು. ವಿಮೆಯ ದರ ಏರಿತು, 1970ರ ವಾಯುಶುದ್ಧಿ ಕಾಯಿದೆ ಹೊಗೆಗೆ ಮಿತಿ ಕಟ್ಟಿತು, 1973ರ ಅಕ್ಟೋಬರಿನಲ್ಲಿ ತೈಲದ ಬಿಕ್ಕಟ್ಟು ಬಂದಿತು.

ಇಂಥ ಕಾರನ್ನು ಮನೆಯಲ್ಲಿಯೇ ಬಿಚ್ಚಿ ಕೂಡಿಸಲು ಸಾಧ್ಯವಾಗುವುದು ಅದರ ರಚನೆ ಬಯಲಾಗಿರುವುದರಿಂದ. ಕೆಳಗೆ ಉಕ್ಕಿನ ಚಾಸಿಸ್ಸು. ಅದರ ಮೇಲೆ ಬೋಲ್ಟುಗಳಿಂದ ಬಿಗಿದ ಮೈ. ಎಂಜಿನಿಗೆ ಆಜ್ಞೆ ಕೊಡುವ ಕಂಪ್ಯೂಟರು ಯಾವುದೂ ಇಲ್ಲ. ಯಾವ ಸನ್ನೆ ಯಾವ ಕೊಂಡಿಯನ್ನು ಎಳೆಯುತ್ತದೆ ಎಂಬುದನ್ನು ಕಣ್ಣಿನಿಂದಲೇ ಹಿಂಬಾಲಿಸಬಹುದು. ಆದರೂ ಅರ್ಧಕ್ಕೆ ನಿಂತು, ಪೆಟ್ಟಿಗೆಗಳಲ್ಲಿ ಬಿಡಿಭಾಗಗಳಾಗಿಯೇ ಮಾರಾಟವಾಗುವ ಕಾರುಗಳು ಅಲ್ಲಿ ಅನೇಕ. ಬಿಚ್ಚುವುದಕ್ಕೆ ಉತ್ಸಾಹ ಸಾಕು. ಕೂಡಿಸುವುದಕ್ಕೆ ದಾಖಲೆ ಬೇಕು. ಪ್ರತಿಯೊಂದು ಭಾಗವನ್ನು ತೆಗೆಯುವ ಮೊದಲು ಚಿತ್ರ ತೆಗೆದು, ಅದರ ಬೋಲ್ಟುಗಳನ್ನು ಬೇರೆ ಚೀಲಕ್ಕೆ ಹಾಕಿ, ಚೀಟಿ ಅಂಟಿಸಿ, ಪುಸ್ತಕದಲ್ಲಿ ಬರೆದುಕೊಂಡವನು ಮಾತ್ರ ದಡ ಸೇರುತ್ತಾನೆ. ಪ್ರಯೋಗದ ಪುಸ್ತಕವನ್ನು ಪರೀಕ್ಷಕರಿಗಾಗಿ ತುಂಬುವ ನಮ್ಮ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಇಲ್ಲಿ ದಾಖಲೆ ಅಂಕಗಳಿಗಾಗಿ ಅಲ್ಲ. ಎರಡು ವರ್ಷಗಳ ತರುವಾಯ ಅದೇ ಬೋಲ್ಟನ್ನು ಕೈಯಲ್ಲಿ ಹಿಡಿದು ನಿಲ್ಲಬೇಕಾದ ತನಗಾಗಿ ಆತ ಬರೆದುಕೊಳ್ಳುತ್ತಾನೆ.

ಮೊದಲು ಎದುರಾಗುವ ಶತ್ರು ತುಕ್ಕು. ಅಮೆರಿಕದ ಉತ್ತರ ಭಾಗದಲ್ಲಿ ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಲೆಂದು ಉಪ್ಪು ಚೆಲ್ಲುತ್ತಾರೆ. ಉಪ್ಪುನೀರು ಕಾರಿನ ತಳಕ್ಕೆ ಅಂಟಿ ವಿದ್ಯುತ್ತನ್ನು ಹರಿಯಗೊಡುವ ದ್ರಾವಣವಾಗುತ್ತದೆ. ಕಬ್ಬಿಣದ ಒಂದು ತಾಣ ಧನಧ್ರುವವಾಗಿ, ಇನ್ನೊಂದು ತಾಣ ಋಣಧ್ರುವವಾಗಿ, ತಗಡಿನ ಮೇಲೆ ಲೆಕ್ಕವಿಲ್ಲದಷ್ಟು ಸಣ್ಣ ವಿದ್ಯುತ್ಕೋಶಗಳು ಏರ್ಪಟ್ಟು ಲೋಹ ಕರಗುತ್ತದೆ. ಹುಟ್ಟುವ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬಣ್ಣವನ್ನು ಕೆಳಗಿನಿಂದ ಎತ್ತಿ ಗುಳ್ಳೆ ಏಳಿಸುತ್ತದೆ. ಮೇಲೆ ಕಾಣುವ ಗುಳ್ಳೆ ಬಟಾಣಿಯಷ್ಟು. ಕೆಳಗೆ ಆಗಿರುವ ತೂತು ಅಂಗೈಯಷ್ಟು.

ಯಾವ ವಿದ್ಯುದ್ರಸಾಯನ ಕ್ರಿಯೆ ಕೆಡಿಸಿತೋ ಅದನ್ನೇ ತಿರುಗಿಸಿ ಚಿಕ್ಕ ಭಾಗಗಳನ್ನು ಶುದ್ಧಿಮಾಡಬಹುದು. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಬಟ್ಟೆ ಒಗೆಯುವ ಸೋಡದ ನೀರು ತುಂಬಿ, ತುಕ್ಕು ಹಿಡಿದ ಭಾಗವನ್ನು ಬ್ಯಾಟರಿ ಚಾರ್ಜರಿನ ಋಣಧ್ರುವಕ್ಕೂ ಒಂದು ನಿರುಪಯೋಗಿ ಕಬ್ಬಿಣದ ಪಟ್ಟಿಯನ್ನು ಧನಧ್ರುವಕ್ಕೂ ಜೋಡಿಸುತ್ತಾರೆ. ಕೆಲವು ಗಂಟೆಗಳಲ್ಲಿ ತುಕ್ಕು ಸಡಿಲವಾಗಿ ಉಜ್ಜಿದರೆ ಉದುರುವಂತಾಗುತ್ತದೆ. ಇಲ್ಲಿ ಅರೆಜ್ಞಾನ ಅಪಾಯಕರ. ಋಣಧ್ರುವದಲ್ಲಿ ಜಲಜನಕ ಹೊರಡುವುದರಿಂದ ಕೆಲಸ ಬಯಲಿನಲ್ಲಿ ನಡೆಯಬೇಕು, ಕಿಡಿ ಹತ್ತಿರ ಸುಳಿಯಬಾರದು. ತುಕ್ಕು ಹಿಡಿಯದೆಂಬ ಆಸೆಯಿಂದ ಧನಧ್ರುವಕ್ಕೆ ಸ್ಟೇನ್‌ಲೆಸ್ ಉಕ್ಕನ್ನು ಕಟ್ಟಿದರೆ, ಅದರಲ್ಲಿನ ಕ್ರೋಮಿಯಂ ವಿಷಕಾರಿಯಾದ ಸಂಯುಕ್ತವಾಗಿ ನೀರಿಗಿಳಿಯುತ್ತದೆ. ರಸಾಯನಶಾಸ್ತ್ರದ ಪುಸ್ತಕದ ಒಂದು ಪುಟ ಷೆಡ್ಡಿನಲ್ಲಿ ಜೀವ ಕಾಯುತ್ತದೆ.

ಎಂಜಿನಿನ ಕಡೆಗೆ ಬರೋಣ. ಒಂದೊಂದು ಸಿಲಿಂಡರಿನ ವ್ಯಾಸ 10.32 ಸೆಂಟಿಮೀಟರ್, ಪಿಸ್ಟನ್ನಿನ ಓಟ 9.525 ಸೆಂಟಿಮೀಟರ್, ಸಿಲಿಂಡರುಗಳು ಎಂಟು. ಸಿಲಿಂಡರಿನ ಘನಗಾತ್ರದ ಸೂತ್ರ ಹೈಸ್ಕೂಲಿನವರಿಗೂ ಬರುತ್ತದೆ. ಲೆಕ್ಕ ಹಾಕಿದರೆ ಸುಮಾರು 6,370 ಘನ ಸೆಂಟಿಮೀಟರ್, ಎಂದರೆ 389 ಘನ ಅಂಗುಲ ಬರುವುದನ್ನು ಓದುಗರು ತಾವೇ ಪರೀಕ್ಷಿಸಬಹುದು. ಎಂಜಿನು ನಿಮಿಷಕ್ಕೆ 4,800 ಸುತ್ತು ತಿರುಗುವಾಗ ಪಿಸ್ಟನ್ನು ಸೆಕೆಂಡಿಗೆ 160 ಬಾರಿ ಈ ಓಟವನ್ನು ಮುಗಿಸಬೇಕು. ಅದರ ಸರಾಸರಿ ವೇಗ ಸೆಕೆಂಡಿಗೆ 15 ಮೀಟರಿಗೂ ಮಿಗಿಲು. ಪ್ರತಿಯೊಂದು ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಕಿಡಿ ಹಾರಬೇಕಾದುದರಿಂದ, ಎಂಟಕ್ಕೂ ಸೇರಿ ಸೆಕೆಂಡಿಗೆ 320 ಕಿಡಿಗಳು. ಸುಮಾರು 0.4 ಮಿಲಿಮೀಟರ್ ಅಂತರದಲ್ಲಿ ತೆರೆದು ಮುಚ್ಚುವ ಲೋಹದ ಒಂದು ಜೊತೆ ತುದಿಗಳು ಅಷ್ಟು ಬಾರಿಯೂ ಪ್ರವಾಹವನ್ನು ಕಡಿಯುತ್ತವೆ. ಕಡಿದ ಕ್ಷಣದಲ್ಲಿ ಸುರುಳಿಯೊಳಗಿನ ಕಾಂತಕ್ಷೇತ್ರ ಕುಸಿದು, ಬ್ಯಾಟರಿಯ 12 ವೋಲ್ಟು ಇಪ್ಪತ್ತು ಸಾವಿರದ ಆಸುಪಾಸಿಗೆ ಏರುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡ ವಿದ್ಯುತ್ ಪ್ರೇರಣೆಯೇ ಇದು. ತರಗತಿಯಲ್ಲಿ ಗ್ಯಾಲ್ವನಾಮೀಟರಿನ ಮುಳ್ಳು ತುಸು ಅಲುಗಿದ್ದನ್ನು ನೋಡಿ ಬೇಸರಪಟ್ಟವನು ಈ ತುದಿಗಳನ್ನು ತನ್ನ ಕೈಯಿಂದ ಹೊಂದಿಸಿದ ಮೇಲೆ ಫ್ಯಾರಡೆಯನ್ನು ಮರೆಯಲಾರನು.

ಅಳತೆಯ ಪಾಠ ಇನ್ನೂ ಕಟ್ಟುನಿಟ್ಟಾದುದು. ವಕ್ರದಂಡಕ್ಕೂ ಅದನ್ನು ಹೊತ್ತ ಬೇರಿಂಗಿಗೂ ನಡುವೆ ಸುಮಾರು 0.05 ಮಿಲಿಮೀಟರ್ ಸಂದು ಇರಬೇಕು. ಹೆಚ್ಚಾದರೆ ಎಣ್ಣೆಯ ಒತ್ತಡ ಬೀಳುತ್ತದೆ. ಕಡಮೆಯಾದರೆ ಎಣ್ಣೆಯ ಪದರ ನಿಲ್ಲದೆ ಲೋಹಕ್ಕೆ ಲೋಹ ಉಜ್ಜುತ್ತದೆ. ಕಾಣದ ಈ ಸಂದನ್ನು ಅಳೆಯುವ ಉಪಾಯ ಬಲು ಸರಳ. ಮೇಣದಂತೆ ಮೆತ್ತಗಿನ ಪ್ಲಾಸ್ಟಿಕ್ ಎಳೆಯೊಂದನ್ನು ನಡುವೆ ಇಟ್ಟು ಬೋಲ್ಟುಗಳನ್ನು ಬಿಗಿದು ಮತ್ತೆ ಬಿಚ್ಚುತ್ತಾರೆ. ಎಳೆಯ ಘನಗಾತ್ರ ಬದಲಾಗದು. ಆದುದರಿಂದ ಸಂದು ಕಿರಿದಾದಷ್ಟೂ ಅದು ಅಗಲವಾಗಿ ಚಪ್ಪಟೆಯಾಗಿರುತ್ತದೆ. ಅಗಲವನ್ನು ಅಳೆದು ಸಂದನ್ನು ತಿಳಿಯುತ್ತಾರೆ.

ಬೋಲ್ಟನ್ನು ಬಿಗಿಯುವುದರಲ್ಲಿಯೂ ವಿಜ್ಞಾನವಿದೆ. ಬೋಲ್ಟು ಒಂದು ಗಡುಸಾದ ಸ್ಪ್ರಿಂಗು. ಬಿಗಿದಾಗ ಅದು ತುಸು ಹಿಗ್ಗುತ್ತದೆ, ಆ ಹಿಗ್ಗೇ ಎರಡು ಭಾಗಗಳನ್ನು ಅದುಮಿ ಹಿಡಿಯುತ್ತದೆ. ಹುಕ್ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಆದರೆ ಟಾರ್ಕ್ ರೆಂಚಿನಿಂದ ನಾವು ಕೊಡುವ ತಿರುಚಿನ ಬಹುಪಾಲು ಘರ್ಷಣೆಯಲ್ಲಿಯೇ ವ್ಯಯವಾಗಿ, ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಹತ್ತರಲ್ಲೊಂದು ಪಾಲಿನಷ್ಟು. ಆದುದರಿಂದಲೇ ಒಣ ಬೋಲ್ಟಿಗೆ ಹೇಳಿದ ಬಿಗಿತವನ್ನು ಎಣ್ಣೆ ಸವರಿದ ಬೋಲ್ಟಿಗೆ ಕೊಟ್ಟರೆ ಅದು ಮಿತಿಮೀರಿ ಹಿಗ್ಗಿ ತುಂಡಾಗಬಹುದು. ಅಂಕಿ ಒಂದೇ; ಸ್ಥಿತಿ ಬೇರೆಯಾದರೆ ಅರ್ಥವೂ ಬೇರೆ.

ಅಂಕಿಗಳ ಈ ಸ್ವಭಾವಕ್ಕೆ ಜಟ್ಟಿ ಕಾರುಗಳ ಅಶ್ವಶಕ್ತಿಯೇ ದೊಡ್ಡ ಸಾಕ್ಷಿ. ನಮ್ಮ ಜಿ.ಟಿ.ಒ.ವಿಗೆ ತಯಾರಕರು ಘೋಷಿಸಿದ ಶಕ್ತಿ 325 ಅಶ್ವಶಕ್ತಿ. ಇದನ್ನು ಅಳೆದದ್ದು ಹೇಗೆ? ಆ ಕಾಲದ ಪದ್ಧತಿಯಂತೆ ಎಂಜಿನನ್ನು ಪರೀಕ್ಷೆಯ ಪೀಠದ ಮೇಲೆ ಇಟ್ಟು, ಅದರ ಬಲವನ್ನು ಕದಿಯುವ ಫ್ಯಾನು ಮೊದಲಾದ ಹೊರೆಗಳನ್ನು ಕಳಚಿ, ಕಾರಿನ ಸೈಲೆನ್ಸರಿನ ಅಡ್ಡಿಯಿಲ್ಲದೆ ಓಡಿಸುತ್ತಿದ್ದರು. ಕಾರಿನಲ್ಲಿ ಕುಳಿತ ಎಂಜಿನಿಗೆ ಈ ಸ್ವಾತಂತ್ರ್ಯ ಎಲ್ಲಿಯದು? ಎಲ್ಲ ಹೊರೆಗಳ ಸಮೇತ ಅಳೆಯುವ ಪದ್ಧತಿ 1972ರ ಮಾದರಿಗಳಿಂದ ರೂಢಿಗೆ ಬಂದಿತು. ಎರಡೂ ಅಂಕಿಗಳನ್ನು ಒಟ್ಟಿಗೆ ಕಂಡ 1971ರ ಒಂದು ಉದಾಹರಣೆ ಉಂಟು. ಷೆವರ್ಲೆ ಕಾರ್ವೆಟ್ ಕಾರಿನ 454 ಘನ ಅಂಗುಲದ ಎಂಜಿನು ಹಳೆಯ ಪದ್ಧತಿಯಲ್ಲಿ 365 ಅಶ್ವಶಕ್ತಿ, ಹೊಸ ಪದ್ಧತಿಯಲ್ಲಿ 285. ಎಂಜಿನು ಬದಲಾಗಲಿಲ್ಲ, ಅಳೆಯುವ ಬಗೆ ಬದಲಾಯಿತು. ಯಾರಾದರೂ ಒಂದು ಅಂಕಿಯನ್ನು ಮುಂದಿಟ್ಟಾಗ "ಹೇಗೆ ಅಳೆದಿರಿ?" ಎಂದು ಕೇಳುವ ಅಭ್ಯಾಸ ವಿದ್ಯಾರ್ಥಿಗೆ ಅಂಟಿದರೆ, ಅದೊಂದೇ ಈ ಹವ್ಯಾಸದ ಖರ್ಚಿಗೆ ಸಾಕಾದ ಪ್ರತಿಫಲ.

ಇನ್ನು ನಮ್ಮ ಷರತ್ತಿನ ಮಾತು. ಹಳೆಯದನ್ನು ಇದ್ದಂತೆಯೇ ಉಳಿಸಬೇಕೆನ್ನುವವರು ಮೊದಲು ಬ್ರೇಕುಗಳನ್ನು ನೋಡಬೇಕು. ಚಾಲಕನೂ ಸೇರಿ ಕಾರಿನ ತೂಕ ಸುಮಾರು 1,600 ಕಿಲೋಗ್ರಾಂ ಎಂದುಕೊಳ್ಳೋಣ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದರ ಚಲನಶಕ್ತಿ 6 ಲಕ್ಷ 17 ಸಾವಿರ ಜೂಲು. ಕೊಠಡಿಯ ಉಷ್ಣತೆಯ ಸುಮಾರು 1.8 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ವೇಗ 150ಕ್ಕೆ ಏರಿದರೆ ನೀರಿನ ಪ್ರಮಾಣ 4 ಲೀಟರಿಗೂ ಹೆಚ್ಚು. ಒಂದೂವರೆ ಪಟ್ಟು ವೇಗಕ್ಕೆ ಎರಡೂಕಾಲು ಪಟ್ಟು ಶಕ್ತಿ. ಕಾರನ್ನು ನಿಲ್ಲಿಸುವುದೆಂದರೆ ಇಷ್ಟನ್ನೂ ಕೆಲವೇ ಸೆಕೆಂಡುಗಳಲ್ಲಿ ಬ್ರೇಕುಗಳು ಉಷ್ಣವಾಗಿ ನುಂಗಬೇಕು. 1964ರ ಜಿ.ಟಿ.ಒ.ವಿನ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು. ಕಾದ ಡ್ರಮ್ಮು ಹಿಗ್ಗಿ ಒಳಗಿನ ಪಟ್ಟಿಗಳಿಂದ ದೂರ ಸರಿಯುತ್ತದೆ, ಪಟ್ಟಿಯ ಘರ್ಷಣೆಯೂ ಕುಗ್ಗುತ್ತದೆ. ಎರಡನೆಯ ಬಾರಿ, ಮೂರನೆಯ ಬಾರಿ ತುಳಿದಾಗ ಬ್ರೇಕು ಸೋಲುತ್ತದೆ. ಮೇಲಾಗಿ ನಾಲ್ಕು ಚಕ್ರಗಳಿಗೂ ಎಣ್ಣೆ ಹರಿಯುವುದು ಒಂದೇ ಏರ್ಪಾಡಿನಿಂದ. ಒಂದು ಕೊಳವೆ ಒಡೆದರೆ ನಾಲ್ಕೂ ಹೋದಂತೆ. ಎರಡು ಪ್ರತ್ಯೇಕ ಏರ್ಪಾಡುಗಳಿರಬೇಕೆಂದೂ ಮುಂದಿನ ಆಸನಗಳಿಗೆ ಭುಜದ ಪಟ್ಟಿ ಇರಬೇಕೆಂದೂ ಅಮೆರಿಕದಲ್ಲಿ ಕಡ್ಡಾಯವಾದದ್ದು 1968ರ ಜನವರಿ 1ರಿಂದ. ಜೀರ್ಣೋದ್ಧಾರ ಮಾಡುವವನು ಈ ಎರಡನ್ನೂ ಅಳವಡಿಸಿ, ಮುಂದಿನ ಚಕ್ರಗಳಿಗೆ ಗಾಳಿಗೆ ತೆರೆದಿರುವ ಡಿಸ್ಕ್ ಬ್ರೇಕು ಹಾಕಿದರೆ ಕಾರಿನ ಘನತೆಗೆ ಕುಂದಾಗದು. ಹಳೆಯ ಭಾಗಗಳನ್ನು ಚೀಟಿ ಅಂಟಿಸಿ ಜೋಪಾನಮಾಡಿದರೆ ಇತಿಹಾಸವೂ ಉಳಿಯುತ್ತದೆ, ಮನುಷ್ಯನೂ ಉಳಿಯುತ್ತಾನೆ.

ಎರಡನೆಯದು ಸೀಸ. ಈ ಎಂಜಿನಿನಲ್ಲಿ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಸುಮಾರು ಹತ್ತೂಮುಕ್ಕಾಲರಲ್ಲಿ ಒಂದು ಪಾಲಿಗೆ ಅದುಮುತ್ತಾರೆ. ಸಾಧಾರಣ ಪೆಟ್ರೋಲು ಇಷ್ಟು ಅದುಮಿದರೆ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಎಂಜಿನನ್ನು ಬಡಿಯುತ್ತದೆ. ಇದನ್ನು ತಡೆಯಲು ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುವ ಉಪಾಯವನ್ನು 1921ರಲ್ಲಿ ಕಂಡುಹಿಡಿದವರು ತಾಮಸ್ ಮಿಜ್ಲಿ. ಅದು ಹೊಗೆಯ ಜೊತೆಗೆ ಊರೂರಿನ ಗಾಳಿಗೂ ಮಕ್ಕಳ ರಕ್ತಕ್ಕೂ ಸೇರಿತು. ಇದರ ವಿರುದ್ಧ ದನಿಯೆತ್ತಿದವರಲ್ಲಿ ಪ್ರಮುಖರಾದ ಕ್ಲೇರ್ ಪ್ಯಾಟರ್ಸನ್ ವಾಹನತಜ್ಞರಲ್ಲ. ಉಲ್ಕಾಶಿಲೆಯ ಸೀಸವನ್ನು ಅಳೆದು ಭೂಮಿಯ ವಯಸ್ಸು 455 ಕೋಟಿ ವರ್ಷವೆಂದು 1956ರಲ್ಲಿ ನಿರ್ಧರಿಸಿದ ವಿಜ್ಞಾನಿ ಅವರು. ಪ್ರಯೋಗಶಾಲೆಯ ಗಾಳಿ, ನೀರು, ಪಾತ್ರೆಗಳಲ್ಲೆಲ್ಲ ಬೇಡದ ಸೀಸ ನುಸುಳಿ ಅಳತೆಯನ್ನು ಕೆಡಿಸುತ್ತಿದ್ದುದನ್ನು ಕಂಡು, ಅದು ಎಲ್ಲಿಂದ ಬರುತ್ತಿದೆ ಎಂದು ಬೆನ್ನು ಹತ್ತಿದರು. ಜಟ್ಟಿ ಕಾರುಗಳು ಮೆರೆಯುತ್ತಿದ್ದ 1965ರಲ್ಲಿಯೇ ಅವರು ಎಚ್ಚರಿಕೆಯನ್ನು ಬರೆದು ಪ್ರಕಟಿಸಿದರು. ಅಮೆರಿಕದ ರಸ್ತೆಗಳಲ್ಲಿ ಸೀಸದ ಪೆಟ್ರೋಲು 1996ರಲ್ಲಿ ನಿಷೇಧವಾಯಿತು. ನಮ್ಮ ದೇಶದಲ್ಲಿ 2000ದ ಫೆಬ್ರವರಿಯಿಂದ ಅದರ ಮಾರಾಟ ನಿಂತಿತು. ಕೊನೆಯದಾಗಿ ಅಲ್ಜೀರಿಯ 2021ರಲ್ಲಿ ಕೈಬಿಟ್ಟಿತು. ಹಳೆಯ ಎಂಜಿನಿಗೆ ಗಡುಸಾದ ಕವಾಟಪೀಠಗಳನ್ನು ಕೂರಿಸಿ, ಅದುಮುವ ಪ್ರಮಾಣವನ್ನು ತುಸು ಇಳಿಸಿದರೆ ಸೀಸವಿಲ್ಲದೆಯೇ ಅದು ಸುಖವಾಗಿ ಓಡುತ್ತದೆ. ಹಾಗೆಯೇ ಹಳೆಯ ಬ್ರೇಕು ಪಟ್ಟಿಗಳ ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕ. ಅದನ್ನು ಗಾಳಿ ಊದಿ ಹಾರಿಸದೆ, ಒದ್ದೆಮಾಡಿ ಒರೆಸಿ ತೆಗೆಯಬೇಕು.

ಇಷ್ಟು ಬದಲಾಯಿಸಿದ ಮೇಲೆ ಅದು ಅದೇ ಕಾರು ಎನ್ನಬಹುದೆ ಎಂದು ಕೇಳುವವರುಂಟು. ಬದಲಾವಣೆಯನ್ನು ಬರೆದಿಟ್ಟು ಹೇಳಿದರೆ ಎನ್ನಬಹುದು, ಮರೆಮಾಚಿದರೆ ಎನ್ನಲಾಗದು. 1964, 1965ರ ಜಿ.ಟಿ.ಒ. ಪ್ರತ್ಯೇಕ ಮಾದರಿಯಾಗಿರದೆ ಹೆಚ್ಚುವರಿ ಸಲಕರಣೆಯಷ್ಟೇ ಆಗಿದ್ದುದರಿಂದ, ಕಾರಿನ ಗುರುತುಸಂಖ್ಯೆಯಿಂದ ಅದನ್ನು ಪತ್ತೆಹಚ್ಚಲಾಗದು. ಇದರ ಪ್ರಯೋಜನ ಪಡೆದು ಸಾಧಾರಣ ಕಾರಿಗೆ ಜಿ.ಟಿ.ಒ. ಫಲಕ ಜಡಿದು ಹೆಚ್ಚು ಬೆಲೆಗೆ ಮಾರುವವರಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಗುಡಿಯ ಶಾಸನದ ಮೇಲೆ ಸುಣ್ಣ ಬಳಿದಾಗ ಆಗುವ ನಷ್ಟವೇ ಇಲ್ಲಿಯೂ ಆಗುತ್ತದೆ. ಹೊಳಪು ಬರುತ್ತದೆ, ಸಾಕ್ಷ್ಯ ಅಳಿಯುತ್ತದೆ. ವಿಜ್ಞಾನದಲ್ಲಿ ದತ್ತಾಂಶವನ್ನು ತಿದ್ದುವುದು ಎಷ್ಟು ದೊಡ್ಡ ತಪ್ಪೋ ಯಂತ್ರದ ಇತಿಹಾಸವನ್ನು ತಿದ್ದುವುದೂ ಅಷ್ಟೇ ದೊಡ್ಡ ತಪ್ಪು.

ಮೊದಲ ಪಕ್ಷದವರ ಆಕ್ಷೇಪಣೆಗೆ ಉತ್ತರ ಕೊಡದೆ ಮುಗಿಸುವುದು ನ್ಯಾಯವಲ್ಲ. ಈ ಕಾರು ಲೀಟರಿಗೆ ಓಡುವುದು ಐದಾರು ಕಿಲೋಮೀಟರ್ ಮಾತ್ರ. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಹುಟ್ಟುತ್ತದೆ. ದಿನಬಳಕೆಗೆ ಇಂಥ ಕಾರು ಸಲ್ಲದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷದಲ್ಲಿ ಕೆಲವು ದಿನ ಮಾತ್ರ ಹೊರಗೆ ಬರುವ ಕಾರನ್ನು ವಾಹನವೆಂದು ಎಣಿಸುವುದಕ್ಕಿಂತ ಗ್ರಂಥವೆಂದು ಎಣಿಸುವುದು ಸರಿ. ಮನುಷ್ಯ ಏನನ್ನು ಬಲ್ಲವನಾಗಿದ್ದ, ಏನನ್ನು ಕಡೆಗಣಿಸಿದ್ದ ಎಂಬ ಎರಡನ್ನೂ ಅದು ಒಟ್ಟಿಗೆ ಹೇಳುತ್ತದೆ.

ಜಟ್ಟಿ ಕಾರು ನಮ್ಮ ವಿದ್ಯಾರ್ಥಿಗಳ ಕೈಗೆ ಎಟುಕುವಂಥದಲ್ಲ. ಎಟುಕಬೇಕೆಂದೂ ನಾವು ಹೇಳುವುದಿಲ್ಲ. ಪಾಠಕ್ಕೆ ಬೇಕಾದುದು ಬಿಚ್ಚಿ ನೋಡಲು ಬರುವ ಯಂತ್ರ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರ ವರೆಗೆ ತಯಾರಾದ ಮೋಟಾರ್‌ಸೈಕಲ್ಲುಗಳನ್ನು ಇಂದಿಗೂ ಪ್ರೀತಿಯಿಂದ ಕೂಡಿಸಿ ಓಡಿಸುವವರು ನಮ್ಮ ನಾಡಿನಲ್ಲಿದ್ದಾರೆ. ಒಂದೇ ಸಿಲಿಂಡರಿನ ಆ 250 ಸಿ.ಸಿ. ಎಂಜಿನು ಮೇಲೆ ಹೇಳಿದ ಪಾಠಗಳಲ್ಲಿ ಬಹುಪಾಲನ್ನು ಕಲಿಸಬಲ್ಲದು. ಅದೂ ಇಲ್ಲದಿದ್ದರೆ ಕೆಟ್ಟುನಿಂತ ನೀರೆತ್ತುವ ಪಂಪು, ಹೊಲಿಗೆಯ ಯಂತ್ರ, ಮೇಜಿನ ಫ್ಯಾನು ಸಾಕು. ಆದರೆ ವಿದ್ಯುತ್ ಸಂಪರ್ಕವನ್ನು ಮೊದಲು ಕಳಚಿರಬೇಕು, ಜೊತೆಗೆ ತಿಳಿದವರು ಒಬ್ಬರಿರಬೇಕು.

ಇಂದಿನ ಯಂತ್ರಗಳಲ್ಲಿ ಅನೇಕವು ಮುಚ್ಚಿದ ಪೆಟ್ಟಿಗೆಗಳು. ಜೇಬಿನಲ್ಲಿರುವ ದೂರವಾಣಿಯನ್ನು ತೆರೆಯಲು ತಿರುಪೇ ಕಾಣುವುದಿಲ್ಲ. ಕೆಟ್ಟರೆ ಎಸೆಯಬೇಕು, ಹೊಸದನ್ನು ಕೊಳ್ಳಬೇಕು ಎಂಬ ಅಭ್ಯಾಸದಲ್ಲಿ ಬೆಳೆಯುವ ತರುಣರು, ಯಂತ್ರದೊಳಗೆ ನಡೆಯುವುದು ತಮ್ಮ ಬುದ್ಧಿಗೆ ನಿಲುಕದ್ದೆಂದು ನಂಬಿಬಿಡುವ ಅಪಾಯವಿದೆ. ಪಠ್ಯದಲ್ಲಿ ಓದಿದ ನಿಯಮಕ್ಕೂ ಕೈಯಲ್ಲಿ ಹಿಡಿದ ವಸ್ತುವಿಗೂ ಸಂಬಂಧವಿಲ್ಲವೆಂದು ತಿಳಿದವನಿಗೆ ಪದವಿ ದೊರೆಯಬಹುದು, ವಿಜ್ಞಾನ ದೊರೆಯದು. ಆದುದರಿಂದ ಪ್ರತಿಯೊಂದು ಪ್ರೌಢಶಾಲೆಯೂ ಕಾಲೇಜೂ ಕೆಟ್ಟ ಯಂತ್ರಗಳಿಗಾಗಿ ಒಂದು ಮೇಜನ್ನು ಮೀಸಲಿಡಲಿ. ವಿದ್ಯಾರ್ಥಿಗಳು ಅವನ್ನು ಬಿಚ್ಚಲಿ, ಬರೆದುಕೊಳ್ಳಲಿ, ಅಳೆಯಲಿ, ಮತ್ತೆ ಕೂಡಿಸಲಿ. ಕೂಡಿಸಿದ ಮೇಲೆ ಮೇಜಿನ ಮೇಲೆ ಒಂದು ತಿರುಪು ಮಿಕ್ಕಿದರೆ ಮತ್ತೊಮ್ಮೆ ಬಿಚ್ಚಲಿ.